ಅರವತ್ತರ ಲೆಕ್ಕ, ನೂರರ ಕೂಲಿ

ಈ ಬಾರಿ ಸುತ್ತೂರು ಜಾತ್ರೆಗೆ ಹೋದವನು ಎರಡು ದಿನ ಅಲ್ಲಿಯೇ ಉಳಿದೆ. ಕಪಿಲೆಯ ದಡದ ಆ ಊರಿನ ಸುತ್ತಮುತ್ತ ನಮ್ಮ ಬಂಧುಗಳ ಮನೆಗಳು ಹಲವಿವೆ. ರಾತ್ರಿ ಊಟ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದಾಗ ಚಿಕ್ಕಪ್ಪನ ಮೊಮ್ಮಗ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನೂ ನಾಲ್ಕಾಗಿ ಮಡಿಸಿದ ಒಂದು ಚೀಟಿಯನ್ನೂ ತಂದು ನನ್ನ ಮುಂದಿಟ್ಟ. ನಂಜನಗೂಡು ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆದಾರರ ಮೂಲಕ ಕೆಲಸಕ್ಕೆ ಸೇರಿದ ಹುಡುಗ. ‘ದೊಡ್ಡಪ್ಪ, ಓಟಿ ಲೆಕ್ಕದಲ್ಲಿ ಏನೋ ಎಡವಟ್ಟಾಗ್ತಿದೆ. ನಾನು ಕೂಡಿದರೆ ಒಂದು ಬರುತ್ತೆ, ಅವರು ಕೂಡಿದರೆ ಇನ್ನೊಂದು. ನೀವೇ ನೋಡಿ’ ಎಂದ.

ಅವನು ಪ್ರತಿದಿನ ಪಾಳಿ ಮುಗಿದ ಮೇಲೆ ಹೆಚ್ಚುವರಿಯಾಗಿ ದುಡಿದ ಹೊತ್ತನ್ನು ಬರೆದಿಟ್ಟುಕೊಂಡಿದ್ದ. ಒಂದು ವಾರದ ಲೆಕ್ಕ ಹೀಗಿತ್ತು: ಸೋಮವಾರ 45 ನಿಮಿಷ, ಮಂಗಳವಾರ 50, ಬುಧವಾರ 40, ಗುರುವಾರ 55, ಶುಕ್ರವಾರ 45, ಶನಿವಾರ 50. ಒಟ್ಟು 285 ನಿಮಿಷ, ಎಂದರೆ 4 ಗಂಟೆ 45 ನಿಮಿಷ. ಗುತ್ತಿಗೆದಾರರ ಗುಮಾಸ್ತ ಕೊಟ್ಟ ಚೀಟಿಯಲ್ಲಿಯೂ ಅದೇ ಅಂಕಿಗಳಿದ್ದವು. ಆದರೆ ಅಲ್ಲಿ ಅವು 0.45, 0.50, 0.40, 0.55, 0.45, 0.50 ಎಂದು ದಾಖಲಾಗಿದ್ದವು. ಕ್ಯಾಲ್ಕುಲೇಟರಿನಲ್ಲಿ ಕೂಡಿದಾಗ ಬಂದ ಮೊತ್ತ 2.85. ಎರಡು ಮುಕ್ಕಾಲು ಗಂಟೆಗಿಂತ ಕೊಂಚ ಹೆಚ್ಚು ಎಂದು ತಿಳಿದು ಅಷ್ಟಕ್ಕೇ ಹಣ ಕೊಡಲಾಗಿತ್ತು. ನಾಲ್ಕು ಮುಕ್ಕಾಲು ಗಂಟೆ ದುಡಿದವನಿಗೆ ಮೂರು ಗಂಟೆಯ ಕೂಲಿಯೂ ದಕ್ಕಿರಲಿಲ್ಲ.

ಕೂಡುವಿಕೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಒಂದು ಚುಕ್ಕಿಯಲ್ಲಿ. ನಾವು ಕನ್ನಡದಲ್ಲಿ ಹೊತ್ತನ್ನು ಬರೆಯುವಾಗ ಗಂಟೆ ಮತ್ತು ನಿಮಿಷಗಳ ನಡುವೆ ಚುಕ್ಕಿ ಇಡುವುದು ರೂಢಿ. ‘ಬೆಳಿಗ್ಗೆ 10.30ಕ್ಕೆ ಸಭೆ’ ಎಂದು ಆಮಂತ್ರಣ ಪತ್ರಿಕೆಗಳೂ ಸರ್ಕಾರಿ ಸುತ್ತೋಲೆಗಳೂ ಪತ್ರಿಕೆಗಳೂ ಬರೆಯುತ್ತವೆ. ಓದುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕ್ಯಾಲ್ಕುಲೇಟರಿಗೆ ಆ ಚುಕ್ಕಿ ದಶಮಾಂಶ ಚಿಹ್ನೆ. ಅದರ ದೃಷ್ಟಿಯಲ್ಲಿ 0.45 ಎಂದರೆ ಒಂದು ಗಂಟೆಯ ನೂರರಲ್ಲಿ ನಲವತ್ತೈದು ಪಾಲು. ಗಡಿಯಾರದ ದೃಷ್ಟಿಯಲ್ಲಿ ಅದು ಅರವತ್ತರಲ್ಲಿ ನಲವತ್ತೈದು ಪಾಲು, ಎಂದರೆ ಮುಕ್ಕಾಲು ಗಂಟೆ. ಅರವತ್ತಕ್ಕೆ ಒಂದು ಗಂಟೆ ಆಗಬೇಕಾದ ಕಡೆ ನೂರಕ್ಕೆ ಒಂದು ಗಂಟೆ ಆದರೆ ಪ್ರತಿಯೊಂದು ನಿಮಿಷದಲ್ಲಿಯೂ ಶೇ 40ರಷ್ಟು ಕಾಣೆಯಾಗುತ್ತದೆ.

ಇದರ ಬೆಲೆಯನ್ನು ಅಂದಾಜು ಮಾಡೋಣ. ಎಂಟು ಗಂಟೆಯ ದಿನಗೂಲಿ 560 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 70 ರೂಪಾಯಿ. ಹೆಚ್ಚುವರಿ ದುಡಿಮೆಗೆ ಕಾನೂನಿನಂತೆ ದುಪ್ಪಟ್ಟು ದರ, ಎಂದರೆ 140 ರೂಪಾಯಿ. ಮೇಲಿನ ವಾರದಲ್ಲಿ ಕಾಣೆಯಾದದ್ದು 1 ಗಂಟೆ 54 ನಿಮಿಷ. ಹಣದ ಲೆಕ್ಕದಲ್ಲಿ 266 ರೂಪಾಯಿ. ವರ್ಷದ 52 ವಾರವೂ ಇದೇ ನಡೆದರೆ ಒಬ್ಬ ಕಾರ್ಮಿಕನಿಗೆ ಸುಮಾರು 13,800 ರೂಪಾಯಿ ನಷ್ಟ. ಅಂಥ ನೂರು ಮಂದಿ ಇದ್ದರೆ 13.8 ಲಕ್ಷ ರೂಪಾಯಿ. ಇಲ್ಲಿ ಯಾರೂ ಪೆಟ್ಟಿಗೆಗೆ ಕೈ ಹಾಕಿಲ್ಲ. ಗುಮಾಸ್ತನಿಗೆ ದುರುದ್ದೇಶವಿತ್ತೆಂದು ಹೇಳಲೂ ನನ್ನ ಬಳಿ ಆಧಾರವಿಲ್ಲ. ಆದರೂ ಬಡವನೊಬ್ಬನ ಹಣ ಇನ್ನೊಬ್ಬರ ಜೇಬಿಗೆ ವಾರವಾರವೂ ಸದ್ದಿಲ್ಲದೆ ಹರಿದು ಹೋಗಿದೆ.

ಈ ಚುಕ್ಕಿಯ ಪರಿಚಯ ನನಗೆ ಹೊಸದಲ್ಲ. 1987ರ ಬರಗಾಲದ ದಿನಗಳಲ್ಲಿ ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ನಾನು ಇನ್ನೂ ಕೆಲಸ ಕಲಿಯುತ್ತಿದ್ದ ಅಧಿಕಾರಿ. ಹಳ್ಳಿಗಳಿಗೆ ನೀರು ಸಾಗಿಸುವ ಟ್ಯಾಂಕರುಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಬೆಳಿಗ್ಗೆ 7.50ಕ್ಕೆ ಹೊರಟ ಟ್ಯಾಂಕರು 12.20ಕ್ಕೆ ಹಿಂತಿರುಗಿದೆ ಎಂದು ಲಾಗ್ ಪುಸ್ತಕದಲ್ಲಿ ನಮೂದಾಗಿತ್ತು. ಬಿಲ್ಲು ತಯಾರಿಸಿದವರು 12.20ರಲ್ಲಿ 7.50 ಕಳೆದು 4.70 ಎಂದು ಬರೆದಿದ್ದರು. ‘4 ಗಂಟೆ 70 ನಿಮಿಷ’ ವಿಚಿತ್ರವಾಗಿ ಕಂಡದ್ದರಿಂದ ಅದನ್ನೇ 5 ಗಂಟೆ 10 ನಿಮಿಷವೆಂದು ತಿದ್ದಿದ್ದರು. ವಾಸ್ತವವಾಗಿ ಓಡಿದ್ದು ನಾಲ್ಕೂವರೆ ಗಂಟೆ. ಕಳೆಯುವಾಗ ಗಂಟೆಯ ಮನೆಯಿಂದ ಸಾಲ ಪಡೆಯಬೇಕಾದದ್ದು ಅರವತ್ತು, ಪಡೆದದ್ದು ನೂರು. ಪ್ರತಿ ಸರದಿಗೂ 40 ನಿಮಿಷ ಹೆಚ್ಚು ಬಾಡಿಗೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನಾನು ಇಂಥ ಹತ್ತಾರು ಬಿಲ್ಲುಗಳಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದೆ. ಎರಡು ವರ್ಷಗಳ ನಂತರ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು. ಹೆಚ್ಚು ಪಾವತಿಯಾದ ಮೊತ್ತದ ಒಂದು ಪಾಲು ನನ್ನ ಸಂಬಳದಿಂದ ಕಡಿತವಾಯಿತು. ನ್ಯಾಯವಾಗಿಯೇ ಆಯಿತು.

ಎರಡೂ ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸರ್ಕಾರದ ಬೊಕ್ಕಸದಿಂದ ಹೆಚ್ಚು ಹಣ ಹೋದಾಗ ಅದನ್ನು ಹಿಡಿಯಲು ಲೆಕ್ಕಪರಿಶೋಧಕರಿದ್ದರು. ಕಾರ್ಖಾನೆಯ ಮಾಲೀಕರಿಗೂ ಅವರದೇ ಪರಿಶೋಧಕರಿರುತ್ತಾರೆ. ಕೂಲಿಗಾರನ ನಿಮಿಷಗಳನ್ನು ಪರಿಶೋಧಿಸುವವರು ಯಾರು? ಅವನ ಪಾಲಿಗೆ ಇರುವುದು ಒಂದು ಇನ್ನೂರು ಪುಟದ ನೋಟ್‌ಬುಕ್ಕು ಮಾತ್ರ. ಅದನ್ನೂ ಇಡದವರೇ ಹೆಚ್ಚು.

ಕಾಲದ ಲೆಕ್ಕವೇಕೆ ಇಷ್ಟು ತೊಡಕಿನದು? ಹಣ, ತೂಕ, ಅಳತೆಗಳನ್ನೆಲ್ಲ ನಾವು ಹತ್ತು-ನೂರರ ಪದ್ಧತಿಗೆ ತಂದುಕೊಂಡೆವು. 1957ರಲ್ಲಿ ನಯಾಪೈಸೆ ಬಂದಾಗ ರೂಪಾಯಿಗೆ ಹದಿನಾರು ಆಣೆಯ ಲೆಕ್ಕ ಹಿಂದೆ ಸರಿಯಿತು. ಸೇರು ಮಣಗಳ ಜಾಗಕ್ಕೆ ಕಿಲೋಗ್ರಾಂ ಬಂತು. ಕಾಲ ಮಾತ್ರ ಬ್ಯಾಬಿಲೋನಿಯದ ಅರವತ್ತರ ಪದ್ಧತಿಯಲ್ಲಿಯೇ ಉಳಿಯಿತು. ನಮ್ಮ ಪಂಚಾಂಗಕ್ಕೂ ಅರವತ್ತೇ ಪ್ರಿಯ: ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಒಂದು ಘಳಿಗೆ ಎಂದರೆ 24 ನಿಮಿಷ. ಸುತ್ತೂರಿನಂಥ ಕಡೆ ಈ ಲೆಕ್ಕ ಇನ್ನೂ ಬಳಕೆಯಲ್ಲಿದೆ. ಜಾತ್ರೆಯ ಸಾಮೂಹಿಕ ವಿವಾಹಕ್ಕೆ ಮುಹೂರ್ತ ನೋಡುವವರಿಗೆ ಘಳಿಗೆಯನ್ನು ಗಡಿಯಾರದ ಹೊತ್ತಿಗೆ ಪರಿವರ್ತಿಸುವುದು ಬಾಯಿಲೆಕ್ಕ.

ಗಡಿಯಾರದ ಹೊತ್ತು ಕೂಡ ನಿಸರ್ಗದತ್ತವಲ್ಲ, ಅದೊಂದು ಒಪ್ಪಂದ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಸುತ್ತೂರು ಅದಕ್ಕಿಂತ ಐದೂಮುಕ್ಕಾಲು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ಅಲ್ಲಿ ಸೂರ್ಯ ನೆತ್ತಿಗೆ ಬರುವುದು ವರ್ಷದ ಸರಾಸರಿಯಲ್ಲಿ ಗಡಿಯಾರದ ಹನ್ನೆರಡಕ್ಕಿಂತ ಸುಮಾರು 23 ನಿಮಿಷ ತಡವಾಗಿ. ಹೆಚ್ಚುಕಡಿಮೆ ಒಂದು ಘಳಿಗೆ. ಹೊಲದಲ್ಲಿ ದುಡಿದ ತಲೆಮಾರಿಗೆ ಈ ಒಂದು ಘಳಿಗೆಯಿಂದ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ‘ಹೊತ್ತು ಇಳಿದ ಮೇಲೆ’ ಎಂದರೆ ಸಾಕಾಗುತ್ತಿತ್ತು. ಅದೇ ಮನೆಯ ಮಕ್ಕಳು ಇಂದು ನಂಜನಗೂಡು, ತಾಂಡವಪುರದ ಕೈಗಾರಿಕಾ ಪ್ರದೇಶಗಳಿಗೆ ಹೋಗುತ್ತಾರೆ. ಬೆರಳಚ್ಚು ಒತ್ತುವ ಯಂತ್ರಕ್ಕೆ ಎಂಟು ಗಂಟೆಯೂ ಎಂಟು ಗಂಟೆ ಒಂದು ನಿಮಿಷವೂ ಬೇರೆ ಬೇರೆ.

ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಂಪ್ಸನ್ 1967ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಈ ಸ್ಥಿತ್ಯಂತರವನ್ನು ವಿವರಿಸಿದ್ದಾರೆ. ಆರಂಭದ ಗಿರಣಿಗಳಲ್ಲಿ ಮಾಲೀಕರು ಗಡಿಯಾರವನ್ನು ಬೆಳಿಗ್ಗೆ ಮುಂದಕ್ಕೂ ಸಂಜೆ ಹಿಂದಕ್ಕೂ ತಿರುಗಿಸುತ್ತಿದ್ದ, ಕಾರ್ಮಿಕರು ಗಡಿಯಾರ ಇಟ್ಟುಕೊಳ್ಳಲೂ ಅಂಜುತ್ತಿದ್ದ ಸಂದರ್ಭಗಳು ಅದರಲ್ಲಿವೆ. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇದೆ. ಗಡಿಯಾರವನ್ನು ಯಾರೂ ತಿರುಗಿಸಲಾರರು. ಆದರೆ ಗಡಿಯಾರದಿಂದ ಕೂಲಿಯವರೆಗಿನ ದಾರಿಯಲ್ಲಿ ಕಳೆಯುವ, ಕೂಡುವ, ಸರಿಹೊಂದಿಸುವ ಹಲವು ಮೆಟ್ಟಿಲುಗಳಿವೆ. ಆ ದಾರಿ ಇನ್ನೂ ಒಬ್ಬರ ಕೈಯಲ್ಲಿಯೇ ಇದೆ.

ದುಡಿಮೆಯ ಹೊತ್ತಿನ ವಿಷಯದಲ್ಲಿ ಈ ದೇಶದ ಶಾಸನಗಳ ಇತಿಹಾಸವೇ ನಿಮಿಷಗಳನ್ನು ಒಂದೊಂದಾಗಿ ಗೆದ್ದ ಇತಿಹಾಸ. 1922ರ ಕಾಯ್ದೆ ವಾರಕ್ಕೆ 60 ಗಂಟೆಯ ಮಿತಿ ಹಾಕಿತು. 1934ರಲ್ಲಿ ಅದು 54ಕ್ಕೂ 1946ರಲ್ಲಿ 48ಕ್ಕೂ ಇಳಿಯಿತು. ಈ ಕೊನೆಯ ಹಂತದ ಹಿಂದೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಶ್ರಮವಿತ್ತು. 1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ಬಿಡುವು, ಬಿಡುವೂ ಸೇರಿದಂತೆ ಹತ್ತೂವರೆ ಗಂಟೆಯ ಹರವು ಎಂದು ನಿಗದಿಪಡಿಸಿತು. ಶಾಸನಕಾರರು ಅರ್ಧ ಗಂಟೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು ಎಂಬುದು ಗಮನಾರ್ಹ.

ಕಳೆದ ಕೆಲವು ವರ್ಷಗಳಲ್ಲಿ ಗಾಳಿ ಎದುರು ದಿಕ್ಕಿಗೆ ಬೀಸಿದೆ. 2020ರ ಮೇ ತಿಂಗಳಲ್ಲಿ ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಲು ಅವಕಾಶ ನೀಡಿ, ವಿಷಯ ಹೈಕೋರ್ಟಿನ ಮೆಟ್ಟಿಲೇರಿದಾಗ ಜೂನ್‌ನಲ್ಲಿ ಆದೇಶವನ್ನು ಹಿಂಪಡೆಯಿತು. 2023ರಲ್ಲಿ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿ, ವಾರದ ಮಿತಿಯನ್ನು 48 ಗಂಟೆಗೇ ಉಳಿಸಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ವಿಸ್ತರಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿಯ ಮಿತಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ದಿನಕ್ಕೆ ಎಂಟು ಗಂಟೆ, ಅದನ್ನು ಮೀರಿದರೆ ಕಾರ್ಮಿಕನ ಒಪ್ಪಿಗೆ ಮತ್ತು ದುಪ್ಪಟ್ಟು ಕೂಲಿ ಎಂಬ ತತ್ವ ಅವುಗಳಲ್ಲಿಯೂ ಇದೆ. ಆದರೆ ಪಾಳಿಯ ಹರವಿನಂಥ ಮುಖ್ಯ ವಿವರಗಳನ್ನು ನಿಯಮಗಳಿಗೆ ಬಿಡಲಾಗಿದೆ.

ಹನ್ನೆರಡನ್ನು ನಾಲ್ಕರಿಂದ ಗುಣಿಸಿದರೂ ನಲವತ್ತೆಂಟೇ, ಎಂಟನ್ನು ಆರರಿಂದ ಗುಣಿಸಿದರೂ ನಲವತ್ತೆಂಟೇ ಎಂದು ಉದ್ಯಮಿಗಳು ವಾದಿಸುತ್ತಾರೆ. ಗುಣಾಕಾರ ಸರಿ. ಆದರೆ ಹಳ್ಳಿಯಿಂದ ಹೋಗಿ ಬರುವವರ ದಿನ ಕಾರ್ಖಾನೆಯ ಗೇಟಿನಲ್ಲಿ ಆರಂಭವಾಗುವುದಿಲ್ಲ. ಬೆಳಿಗ್ಗೆ ಎಂಟರ ಪಾಳಿಗೆ ಆರೂವರೆಗೆ ಮನೆ ಬಿಟ್ಟು, ರಾತ್ರಿ ಎಂಟಕ್ಕೆ ಬಿಡುಗಡೆಯಾಗಿ, ಬಸ್ಸು ಕಾದು ಮನೆ ಸೇರುವ ಹೊತ್ತಿಗೆ ಒಂಬತ್ತೂವರೆ. ಅಲ್ಲಿಗೆ 15 ಗಂಟೆ. ಉಳಿದ ಒಂಬತ್ತರಲ್ಲಿ ನಿದ್ದೆ, ಊಟ, ಸ್ನಾನ, ಮಗುವಿನ ಮುಖ ನೋಡುವುದು ಎಲ್ಲವೂ ಆಗಬೇಕು. ಹೆಂಗಸಾದರೆ ಅದರಲ್ಲಿ ಎರಡು ಹೊತ್ತಿನ ಅಡುಗೆಯೂ ಸೇರಿದೆ. ಗಡಿಯಾರದ ಎರಡು ಹೊತ್ತುಗಳ ನಡುವಿನ ಅಂತರವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬುದು ಅಂಕಗಣಿತದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಎಲ್ಲ ನಿಮಿಷಗಳ ಬೆಲೆಯೂ ಒಂದೇ ಅಲ್ಲ ಎಂಬುದಕ್ಕೆ ನಂಜನಗೂಡಿನ ಮೇಲೆ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿಯೇ ಸಾಕ್ಷಿ. ಬಂಡೀಪುರದ ಕಾಡಿನಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕೇರಳಕ್ಕೆ ತರಕಾರಿ ಒಯ್ಯುವ ಲಾರಿ ತಪಾಸಣಾ ಠಾಣೆಗೆ 8.55ಕ್ಕೆ ಬಂದರೆ ಮುಂದಕ್ಕೆ ಸಾಗುತ್ತದೆ; 9.05ಕ್ಕೆ ಬಂದರೆ 8 ಗಂಟೆ 55 ನಿಮಿಷ ಕಾಯಬೇಕು. ಈ ನಿಷೇಧ ಸರಿಯಾದದ್ದೇ. ಚಾಲಕರು ಅದಕ್ಕೆ ಹೊಂದಿಕೊಂಡು, ಒಂಬತ್ತರಿಂದ ಹಿಂದಕ್ಕೆ ಎಣಿಸಿ, ಎಷ್ಟು ಹೊತ್ತಿಗೆ ಮಂಡಿ ಬಿಡಬೇಕೆಂದು ನಿರ್ಧರಿಸುತ್ತಾರೆ. ನಿಯಮ ಎಲ್ಲರಿಗೂ ತಿಳಿದಿದೆ, ಠಾಣೆಯ ಗಡಿಯಾರ ಎಲ್ಲರಿಗೂ ಕಾಣುತ್ತದೆ. ಆದ್ದರಿಂದಲೇ ಅಲ್ಲಿ ಹತ್ತು ನಿಮಿಷದ ನಷ್ಟವನ್ನು ಯಾರೂ ಅನ್ಯಾಯವೆನ್ನುವುದಿಲ್ಲ.

ಕೂಲಿಯ ಲೆಕ್ಕದಲ್ಲಿ ಈ ಪಾರದರ್ಶಕತೆ ಇಲ್ಲ. ಐದು ನಿಮಿಷ ತಡವಾಗಿ ಬಂದವನಿಗೆ ಅರ್ಧ ಗಂಟೆಯ ಕೂಲಿ ಮುರಿಯುವ, ಇಪ್ಪತ್ತು ನಿಮಿಷ ಹೆಚ್ಚು ದುಡಿದರೆ ‘ಅರ್ಧ ಗಂಟೆ ಆಗಿಲ್ಲ’ ಎಂದು ಬಿಟ್ಟುಬಿಡುವ ಪದ್ಧತಿಯನ್ನು ಸೇವೆಯಲ್ಲಿದ್ದಾಗ ಹಲವು ಕಡೆ ಕಂಡಿದ್ದೇನೆ. ಗೈರುಹಾಜರಿಗೆ ಮಾಡುವ ಕಡಿತ ಗೈರುಹಾಜರಾದ ಅವಧಿಯ ಪ್ರಮಾಣವನ್ನು ಮೀರಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇರುವ ತತ್ವ; 2019ರ ವೇತನ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. 2020ರ ನವೆಂಬರ್‌ನಲ್ಲಿ ಕೇಂದ್ರ ಪ್ರಕಟಿಸಿದ ಕರಡು ನಿಯಮಗಳಲ್ಲಿ, 15ರಿಂದ 30 ನಿಮಿಷದವರೆಗಿನ ಹೆಚ್ಚುವರಿ ದುಡಿಮೆಯನ್ನು ಅರ್ಧ ಗಂಟೆ ಎಂದೇ ಎಣಿಸಬೇಕೆಂಬ ಪ್ರಸ್ತಾವವಿತ್ತು. ಕಾರ್ಮಿಕನ ಪರವಾದ ಹೆಜ್ಜೆ, ಸಂದೇಹವಿಲ್ಲ. ಆದರೆ 14 ನಿಮಿಷದ ಗತಿಯೇನು? ದಿನಕ್ಕೆ 14 ನಿಮಿಷದಂತೆ ತಿಂಗಳ 26 ದಿನಕ್ಕೆ 6 ಗಂಟೆ 4 ನಿಮಿಷವಾಗುತ್ತದೆ. ಯಾವ ಗೆರೆ ಎಳೆದರೂ ಆ ಗೆರೆಯ ಒಂದು ನಿಮಿಷ ಈಚೆಗೆ ಪಾಳಿ ಮುಗಿಸುವ ಜಾಣ ಮೇಲ್ವಿಚಾರಕರು ಹುಟ್ಟಿಕೊಳ್ಳುತ್ತಾರೆ. ನಿಮಿಷಗಳನ್ನು ದಿನದಿನವೂ ಕತ್ತರಿಸದೆ, ಹಾಗೆಯೇ ಕೂಡುತ್ತಾ ಹೋಗಿ ತಿಂಗಳ ಕೊನೆಗೆ ಒಮ್ಮೆ ಮಾತ್ರ ಗಂಟೆಗೆ ತಿರುಗಿಸುವುದೇ ಇದಕ್ಕೆ ಪರಿಹಾರ.

ಲೆಕ್ಕ ಕಲಿಯುವುದು ಕಷ್ಟವೇನಲ್ಲ. ನಮ್ಮ ಅಜ್ಜಿಯಂದಿರಂತೆ ಮೆಟ್ಟಿಲು ಹತ್ತಿ ಎಣಿಸಿದರಾಯಿತು. ಬೆಳಿಗ್ಗೆ 8.40ರಿಂದ ಸಂಜೆ 6.25ರವರೆಗೆ ಎಷ್ಟು? 8.40ರಿಂದ ಒಂಬತ್ತಕ್ಕೆ 20 ನಿಮಿಷ, ಒಂಬತ್ತರಿಂದ ಸಂಜೆ ಆರಕ್ಕೆ 9 ಗಂಟೆ, ಮೇಲೆ 25 ನಿಮಿಷ. ಒಟ್ಟು 9 ಗಂಟೆ 45 ನಿಮಿಷ. ರಾತ್ರಿ ಪಾಳಿಯಾದರೆ ನಡುರಾತ್ರಿಯಲ್ಲಿ ಒಮ್ಮೆ ನಿಂತುಕೊಳ್ಳಬೇಕು: 10.15ರಿಂದ ಹನ್ನೆರಡಕ್ಕೆ 1 ಗಂಟೆ 45 ನಿಮಿಷ, ಅಲ್ಲಿಂದ ಬೆಳಿಗ್ಗೆ 6.50ಕ್ಕೆ 6 ಗಂಟೆ 50 ನಿಮಿಷ. ಒಟ್ಟು 8 ಗಂಟೆ 35 ನಿಮಿಷ. ಇದರಲ್ಲಿ ಊಟದ ಬಿಡುವನ್ನು ಕಳೆದರೆ ದುಡಿಮೆಯ ಹೊತ್ತು. ಕಂಪ್ಯೂಟರ್ ಇದ್ದರೆ ಸಾಕೆನ್ನುವಂತೆಯೂ ಇಲ್ಲ. ಸಾಧಾರಣ ಸ್ಪ್ರೆಡ್‌ಶೀಟಿನಲ್ಲಿ ವಾರದ ದುಡಿಮೆಯನ್ನು ಕೂಡಿದರೆ, ತಕ್ಕ ನಮೂನೆಯನ್ನು ಆರಿಸದಿದ್ದಾಗ, ಮೊತ್ತ 24 ಗಂಟೆ ದಾಟುತ್ತಲೇ ಮತ್ತೆ ಸೊನ್ನೆಯಿಂದ ಎಣಿಕೆ ತೋರಿಸುತ್ತದೆ. 52 ಗಂಟೆ 30 ನಿಮಿಷ ಅಲ್ಲಿ 4 ಗಂಟೆ 30 ನಿಮಿಷವಾಗಿ ಕಾಣಬಹುದು. ಯಂತ್ರವನ್ನು ನಂಬಬೇಕಾದರೆ ಉತ್ತರ ಎಷ್ಟು ಬರಬೇಕೆಂಬ ಅಂದಾಜು ಮನುಷ್ಯನಿಗಿರಬೇಕು.

ಆಡಳಿತ ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದು, ವೇತನ ಸಂಹಿತೆಯಂತೆ ಉದ್ಯೋಗದಾತರು ವೇತನ ಚೀಟಿ ಕೊಡುವುದು ಕಡ್ಡಾಯ. ಆ ಚೀಟಿಯಲ್ಲಿ ದಿನದಿನದ ಆಗಮನ, ನಿರ್ಗಮನದ ಹೊತ್ತು ಮತ್ತು ಒಟ್ಟು ದುಡಿಮೆ ‘ಗಂಟೆ’, ‘ನಿಮಿಷ’ ಎಂಬ ಎರಡು ಬೇರೆ ಅಂಕಣಗಳಲ್ಲಿ, ಚುಕ್ಕಿಯಿಲ್ಲದೆ, ಕನ್ನಡದಲ್ಲಿ ಇರಬೇಕೆಂದು ರಾಜ್ಯದ ನಿಯಮಗಳಲ್ಲಿ ಒಂದು ಸಾಲು ಸೇರಿಸುವುದಕ್ಕೆ ಖರ್ಚೇನೂ ಇಲ್ಲ. ಎರಡನೆಯದು, ಕಾರ್ಮಿಕ ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಹೋದಾಗ ವಹಿಗಳು ಇವೆಯೇ ಎಂದು ನೋಡುವುದರ ಜೊತೆಗೆ ಹತ್ತು ಮಂದಿಯ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡಲಿ. ಮೂರನೆಯದು, ಹಳ್ಳಿಗಳಲ್ಲಿ ಈಗ ಅರಿವು ಕೇಂದ್ರಗಳೆಂದು ಕರೆಯಲಾಗುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ವೇತನ ಚೀಟಿ ಓದುವುದನ್ನು ಅಲ್ಲಿ ಒಂದು ಸಂಜೆಯಲ್ಲಿ ಹೇಳಿಕೊಡಬಹುದು.

ಹುಡುಗನ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ನಾನು ಬರೆದುಕೊಟ್ಟ ಲೆಕ್ಕವನ್ನು ಅವನು ಗುಮಾಸ್ತನಿಗೆ ತೋರಿಸಿದ. ‘ಕ್ಯಾಲ್ಕುಲೇಟರ್ ಸುಳ್ಳು ಹೇಳುತ್ತಾ?’ ಎಂದು ಆತ ಮೊದಲು ನಕ್ಕನಂತೆ. ಮಾರನೆಯ ದಿನ ತಾನೇ ಕರೆದು, ಆ ತಿಂಗಳ ಬಾಕಿಯನ್ನು ಸೇರಿಸಿ ಕೊಡಿಸಿದ. ಇನ್ನು ಮುಂದೆ ನಿಮಿಷದಲ್ಲಿಯೇ ಬರೆಯುವುದಾಗಿಯೂ ಹೇಳಿದ. ಅದು ಅವನ ದೊಡ್ಡತನ. ಆದರೆ ಹುಡುಗ ಕೆಲಸಕ್ಕೆ ಸೇರಿ ಅಷ್ಟು ಹೊತ್ತಿಗೆ ಒಂದು ವರ್ಷವಾಗಿತ್ತು. ಹಿಂದಿನ ಹನ್ನೊಂದು ತಿಂಗಳ ಮಾತನ್ನು ಯಾರೂ ಎತ್ತಲಿಲ್ಲ. ‘ಕೇಳಬಾರದಾಗಿತ್ತೇ?’ ಎಂದರೆ, ‘ಗುತ್ತಿಗೆ ಮುಂದುವರಿಸೋ ತಿಂಗಳು ಇದು ದೊಡ್ಡಪ್ಪ, ಸುಮ್ಮನಿದ್ದೀನಿ’ ಎಂದ. ಅವನ ಜೊತೆ ಅದೇ ಪಾಳಿಯಲ್ಲಿ ದುಡಿಯುವ ಉಳಿದವರು ನೋಟ್‌ಬುಕ್ ಇಟ್ಟವರಲ್ಲ. ಅವರಿಗೆ ಎಷ್ಟು ಬರಬೇಕಿತ್ತೆಂದು ಹೇಳುವ ದಾಖಲೆಯೇ ಇಲ್ಲ.

ವಾರಕ್ಕೆ 70 ಗಂಟೆ ದುಡಿಯಬೇಕೇ, 90 ಗಂಟೆಯೇ ಎಂಬ ಚರ್ಚೆ 2023ರಿಂದೀಚೆಗೆ ನಮ್ಮ ಉದ್ಯಮ ವಲಯದಲ್ಲಿ ಜೋರಾಗಿ ನಡೆದಿದೆ. ಎಷ್ಟು ದುಡಿಯಬೇಕೆಂದು ಉಪದೇಶಿಸುವ ಮೊದಲು, ಈಗಾಗಲೇ ದುಡಿದ ಹೊತ್ತನ್ನು ಅರವತ್ತಕ್ಕೆ ಒಂದು ಗಂಟೆಯಂತೆ ಎಣಿಸಿ ಕೊಡುವ ವ್ಯವಸ್ಥೆಯಾದರೂ ಆಗಲಿ. ಅಷ್ಟನ್ನು ಕೇಳುವುದು ಹೆಚ್ಚಾಗಲಾರದು.